ಕೇಳುವ ಕೆಲಸ ಯಾರದು? ಟೋಕಿಯೋದಲ್ಲಿ ಕಲಬುರಗಿ ದಂಪತಿಯ ಒಂದು ವಾರ

ಈ ಪ್ರಕರಣದಲ್ಲಿ ಇರುವವರು ಇಬ್ಬರೇ. ಗಂಡನಿಗೆ 62, ಹೆಂಡತಿಗೆ 57. ಮನೆ ಕಲಬುರಗಿಯ ಹಳೇ ಜೇವರ್ಗಿ ರಸ್ತೆ ಕಡೆ. ಗಂಡ ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಹೆಂಡತಿ ಮನೆ ನೋಡಿಕೊಂಡವರು. ಮಕ್ಕಳು ಬೇರೆ ಊರಲ್ಲಿದ್ದಾರೆ. ಇಬ್ಬರೂ ಹುಟ್ಟಾ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ನಮ್ಮ ಓಣಿಯವರೇ ಆದ್ದರಿಂದ ನಾನು ಕರೆಯುವುದು ಕಾಕಾ, ಕಾಕಿ ಅಂತ. ಹೆಸರು ಹಾಕಬೇಡ ಅಂದಿದ್ದಾರೆ, ಹಾಗಾಗಿ ಇಲ್ಲೂ ಕಾಕಾ, ಕಾಕಿ ಅಂತಲೇ ಬರೆಯುತ್ತೇನೆ.

ನನ್ನ ಕೆಲಸ ವೀಸಾ ಅರ್ಜಿ ತುಂಬುವುದು, ಟಿಕೆಟ್, ಹೋಟೆಲ್ ಬುಕಿಂಗ್ ಮಾಡಿಕೊಡುವುದು. ಪ್ಯಾಕೇಜ್ ಟೂರ್‌ನಲ್ಲಿ ಬಸ್ಸು ಹತ್ತಿಸಿ ಇಳಿಸುತ್ತಾರೆ, ಅಡುಗೆಯವನೂ ಜೊತೆಗಿರುತ್ತಾನೆ. ಆದರೆ ಈ ಜೋಡಿ ಸ್ವಂತ ಹೋಗುತ್ತೇವೆ ಅಂದಿತು. ನವೆಂಬರ್‌ನಲ್ಲಿ ಒಂದು ವಾರ, ಒಂದೇ ಊರು, ಒಂದೇ ಹೋಟೆಲ್. ವಾಪಸ್ ಬಂದ ಮೇಲೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು ಕೇಳಿದೆ. ಒಟ್ಟಿಗೆ ಕೂತರೆ ಕಾಕಾ ಒಬ್ಬರೇ ಮಾತಾಡುತ್ತಾರೆ, ಕಾಕಿ ಚಹಾ ಮಾಡಲು ಎದ್ದು ಹೋಗುತ್ತಾರೆ. ನೋಡಿದ ಜಾಗಗಳ ಪಟ್ಟಿ ನನಗೆ ಬೇಕಿರಲಿಲ್ಲ. ಹೊಟ್ಟೆಗೆ ಏನು ತಿಂದರು, ದಾರಿ ಯಾರು ಕೇಳಿದರು, ಎಲ್ಲಿ ಜಗಳ ಆಯಿತು, ಇದಿಷ್ಟೇ ಕೇಳಿದ್ದು. ಗಂಡ ಹೆಂಡತಿ ಪರದೇಶದಲ್ಲಿ ಸೋಲುವುದು ಇಂಥ ಕಡೆಯೇ ಅನ್ನುವುದು ನನ್ನ ಅನುಭವ.

ಮನೆಯಲ್ಲಿ ಕೆಲಸ ಹಂಚಿಕೊಂಡ ರೀತಿ

ಇದನ್ನು ಹೇಳದೆ ಮುಂದಿನದು ಅರ್ಥ ಆಗುವುದಿಲ್ಲ. ಕಲಬುರಗಿಯಲ್ಲಿ ಹೊರಗಿನ ವ್ಯವಹಾರ ಎಲ್ಲ ಕಾಕಾನದು. ಬ್ಯಾಂಕು, ಕರೆಂಟ್ ಬಿಲ್, ರೈಲ್ವೆ ಟಿಕೆಟ್, ಆಟೋದವನ ಜೊತೆ ಚೌಕಾಸಿ ಎಲ್ಲವೂ. ಕಾಕಿಯದು ಅಡುಗೆಮನೆ, ಜೊತೆಗೆ ಕಣ್ಣಿ ಮಾರ್ಕೆಟ್. ತರಕಾರಿ ಮಾತ್ರ ಕಾಕಾ ತರುವಂತಿಲ್ಲ. ತಂದರೆ ಬದನೆಕಾಯಿಯಲ್ಲಿ ಹುಳ ಇರುತ್ತದೆ, ಮೆಂತ್ಯೆ ಸೊಪ್ಪು ಬಾಡಿರುತ್ತದೆ.

ಟೋಕಿಯೋ ಪ್ರವಾಸವೂ ಹೊರಗಿನ ವ್ಯವಹಾರವೇ, ಅಲ್ವಾ? ಹಾಗಾಗಿ ಎಲ್ಲ ಕಾಕಾನ ಕೈಗೆ ಹೋಯಿತು. ಪಾಸ್‌ಪೋರ್ಟ್, ದುಡ್ಡು, ಮೊಬೈಲ್ ಡೇಟಾ, ಹೋಟೆಲ್ ಕಾಗದ ಎಲ್ಲ ಒಂದೇ ಚೀಲದಲ್ಲಿ, ಕಾಕಾನ ಹೆಗಲಲ್ಲಿ. ಇಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಹಾಕಿಸುವ ಸಿಮ್ ಕೂಡ ಒಂದೇ ತೆಗೆದುಕೊಂಡರು. "ಇಬ್ರೂ ಕೂಡೇ ಇರ್ತೀವಿ, ಎರಡೆರಡು ಯಾಕ ಬೇಕು?" ಅನ್ನುವುದು ಅವರ ಲೆಕ್ಕ. ನಾನು ಜಪಾನಿ ಭಾಷೆಯಲ್ಲಿ ಒಂದು ಚೀಟಿ ಮಾಡಿಸಿಕೊಟ್ಟಿದ್ದೆ. ನಾವು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ, ಮೀನಿನ ಸಾರಿನಲ್ಲಿ ಮಾಡಿದ್ದೂ ಬೇಡ ಅಂತ ಅದರಲ್ಲಿತ್ತು. ಅದೂ ಕಾಕಾನ ಪರ್ಸಿಗೆ ಸೇರಿತು.

ಕಾಕಿ ಕಟ್ಟಿಕೊಂಡದ್ದು ಗಂಟು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಹುರಿದ ರವಾ. ಹಸಿಮೆಣಸಿನಕಾಯಿ, ಕರಿಬೇವು, ಒಂದು ಕಿಲೋ ತೊಗರಿಬೇಳೆ ಕೂಡ ಇಟ್ಟಿದ್ದರು, ಅವನ್ನು ನಾನೇ ತೆಗೆಸಿದೆ. ಹಸಿ ತರಕಾರಿ, ಹಣ್ಣು, ಅಕ್ಕಿ, ಕಾಳುಗಳನ್ನು ಸಸ್ಯ ತಪಾಸಣೆಯ ಪ್ರಮಾಣಪತ್ರ ಇಲ್ಲದೆ ಜಪಾನ್ ಒಳಗೆ ಬಿಡುವುದಿಲ್ಲ. ನಮ್ಮ ಬೇಳೆಗೆ ಈ ಊರಿನ ವಿಶೇಷ ಬೆಳೆ ಅನ್ನುವ ಜಿಐ ಗುರುತು ಸಿಕ್ಕಿದೆ ಅಂದರೆ ಅಲ್ಲಿಯ ಕಸ್ಟಮ್ಸ್‌ನವರು ಕೇಳುತ್ತಾರಾ? ಗುಳಿಗೆಗಳನ್ನೂ ನೋಡಬೇಕಾಯಿತು. ಸ್ಯೂಡೋಎಫೆಡ್ರಿನ್ ಅನ್ನುವ ಔಷಧ ಶೇ 10ಕ್ಕಿಂತ ಜಾಸ್ತಿ ಇರುವ ನೆಗಡಿ ಗುಳಿಗೆ ಅಲ್ಲಿ ನಿಷಿದ್ಧ. ಕಾಕಾನ ಬಿಪಿ ಗುಳಿಗೆಗೆ ತೊಂದರೆ ಇರಲಿಲ್ಲ. ಅದು ಮಾತ್ರ ಕಾಕಿಯ ಕೈಚೀಲದಲ್ಲಿ ಉಳಿಯಿತು. ಇದನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ಸಾಮಾನು ಪುಟ್ಟ ಎಲೆಕ್ಟ್ರಿಕ್ ಕುಕ್ಕರ್. ಕಾಕಾನ ಐಡಿಯಾ. ಅಕ್ಕಿ ಅಲ್ಲೇ ಕೊಂಡು ರೂಮಿನಲ್ಲಿ ಅನ್ನ ಮಾಡಿಕೊಂಡರೆ ಊಟದ ಚಿಂತೆ ಮುಗಿಯಿತು ಅಂತ. ಹೋಟೆಲ್‌ನವರು ಒಪ್ಪುವುದಿಲ್ಲ ಅನ್ನುವುದು ಒಂದು ಕಡೆ ಇರಲಿ. ಮೊದಲನೇ ರಾತ್ರಿ ಅಡಾಪ್ಟರ್ ಹಾಕಿ ನೀರಿಟ್ಟರೆ ಮುಕ್ಕಾಲು ಗಂಟೆಯಾದರೂ ಅದು ಬೆಚ್ಚಗೇ ಇತ್ತು, ಕುದಿಯಲೇ ಇಲ್ಲ. ಕುಕ್ಕರ್ ಕೆಟ್ಟಿರಲಿಲ್ಲ. ನಮ್ಮಲ್ಲಿ ಕರೆಂಟ್ 230 ವೋಲ್ಟ್, ಜಪಾನ್‌ನಲ್ಲಿ 100. ವೋಲ್ಟೇಜ್ ಅರ್ಧಕ್ಕಿಂತ ಕಡಿಮೆಯಾದರೆ ಕಾಯಿಲ್‌ನ ಶಾಖ ಅರ್ಧಕ್ಕೆ ನಿಲ್ಲುವುದಿಲ್ಲ, ವರ್ಗದ ಲೆಕ್ಕದಲ್ಲಿ, ಅಂದರೆ ವೋಲ್ಟೇಜ್ ಅರ್ಧವಾದರೆ ಶಾಖ ಕಾಲು ಪಾಲು ಆಗುವ ಹಾಗೆ ಇಳಿಯುತ್ತದೆ. ಊರಲ್ಲಿ ಸಿಗುವ ಶಾಖದ ಐದರಲ್ಲಿ ಒಂದು ಪಾಲೂ ಅಲ್ಲಿ ಸಿಗುವುದಿಲ್ಲ. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ ಅಷ್ಟೇ. ಮೊಬೈಲ್ ಚಾರ್ಜರ್‌ಗೆ ಎರಡೂ ನಡೆಯುತ್ತದೆ, ಕುಕ್ಕರ್‌ಗೆ ನಡೆಯುವುದಿಲ್ಲ.

ಆ ರಾತ್ರಿ ರೊಟ್ಟಿ, ಶೇಂಗಾ ಚಟ್ನಿ ತಿಂದು ಮಲಗಿದರು. ಅಡುಗೆಮನೆ ಇಲ್ಲದ ಊರಿಗೆ ಬಂದಿದ್ದೇವೆ ಅಂತ ಕಾಕಿಗೆ ಗೊತ್ತಾದದ್ದು ಆಗಲೇ.

ಸೊಪ್ಪಿನ ಬಟ್ಟಲು

ಹೋಟೆಲ್ ಉಯೆನೋ ಸ್ಟೇಷನ್ ಹತ್ತಿರ. ಮರುದಿನ ಮಧ್ಯಾಹ್ನ ಕಾಕಾ ಒಂದು ಸೋಬಾ ಅಂಗಡಿಗೆ ಕರೆದೊಯ್ದರು. ಸೋಬಾ ಅಂದರೆ ಕುಟ್ಟು ಹಿಟ್ಟಿನ ಶಾವಿಗೆ. ಬಾಗಿಲಲ್ಲೇ ಮಷೀನು ಇತ್ತು. ನೋಟು ಹಾಕಿ ಚಿತ್ರದ ಬಟನ್ ಒತ್ತಿದರೆ ಟಿಕೆಟ್ ಬರುತ್ತದೆ, ಅದನ್ನು ಒಳಗೆ ಕೊಡಬೇಕು. ಕಾಕಾಗೆ ಇದು ಬಹಳ ಹಿಡಿಸಿತು. ಯಾರ ಹತ್ತಿರವೂ ಮಾತಾಡುವಂತಿಲ್ಲ, ಕೇಳುವಂತಿಲ್ಲ. ಸಾವಿರ ಯೆನ್ ನೋಟು ಹಾಕಿ ಬರೀ ಸೊಪ್ಪು ಕಾಣುತ್ತಿದ್ದ ಚಿತ್ರ ಒತ್ತಿದರು, ಎರಡು ಬಟ್ಟಲು ಬಂದವು. ಕಪ್ಪು ತಿಳಿಸಾರು, ಅದರಲ್ಲಿ ಶಾವಿಗೆ, ಮೇಲೆ ಕಾಡುಸೊಪ್ಪು.

ಕಾಕಾ ಶುರು ಮಾಡಿಬಿಟ್ಟರು. ಕಾಕಿ ಬಟ್ಟಲನ್ನು ಮೂಗಿನ ಹತ್ತಿರ ತಂದು ಹಾಗೇ ಕೆಳಗಿಟ್ಟರು.

"ಏನ್ರಿ, ಇದ್ರಾಗ ಮೀನಿನ ವಾಸ್ನಿ ಅದ."

"ಸೋಯಾ ಸಾಸ್ ವಾಸ್ನಿ ಅದು. ಬರೇ ಸೊಪ್ಪು ಹಾಕ್ಯಾರ, ಕಾಣಸಂಗಿಲ್ಲೇನು? ಉಣ್ಣು ಸುಮ್ನೆ."

"ಆ ಚೀಟಿ ಕೊಡ್ರಿ ಇಲ್ಲಿ."

ಕಾಕಾ ಕೊಡಲಿಲ್ಲ. ಸುತ್ತ ಜನ ಸದ್ದಿಲ್ಲದೆ ಊಟ ಮಾಡುತ್ತಿದ್ದಾರೆ, ಇಲ್ಲಿ ಚೀಟಿ ಹಿಡಿದು ನಿಲ್ಲುವುದಾ ಅನ್ನುವ ಸಂಕೋಚ. ಕಾಕಿ ಟೇಬಲ್ ಮೇಲಿದ್ದ ಪರ್ಸಿನಿಂದ ತಾವೇ ಚೀಟಿ ತೆಗೆದುಕೊಂಡು ಕೌಂಟರ್‌ಗೆ ಹೋದರು. ಅಡುಗೆಯವನು ಕೈ ಒರೆಸಿಕೊಂಡು ಪೂರ್ತಿ ಓದಿದ. ಆಮೇಲೆ ಎರಡೂ ಮುಂಗೈಗಳನ್ನು ಎದೆ ಮುಂದೆ ಅಡ್ಡಡ್ಡ ಇಟ್ಟು ಗುಣಾಕಾರದ ಗುರುತು ಮಾಡಿದ. ಅಲ್ಲಿ ಅದು ಆಗುವುದಿಲ್ಲ ಅನ್ನುವ ಸನ್ನೆ. ನಂತರ ತಲೆ ಬಗ್ಗಿಸಿ ಕ್ಷಮೆ ಕೇಳಿದ, ಮುಟ್ಟದ ಬಟ್ಟಲಿನ ದುಡ್ಡು ವಾಪಸ್ ಕೊಡಲು ಬಂದ. ಕಾಕಿ ಬೇಡವೆಂದರು. ಇತ್ತ ಕಾಕಾ ಅರ್ಧ ಬಟ್ಟಲು ಮುಗಿಸಿದ್ದರು.

ಜಪಾನ್‌ಗೆ ಹೋಗುವ ನಮ್ಮ ಸಸ್ಯಾಹಾರಿಗಳು ಎಡವುವ ಜಾಗ ಇದೇ. ಬೊನಿಟೋ ಅನ್ನುವ ಮೀನನ್ನು ಬೇಯಿಸಿ, ಹೊಗೆ ಕೊಟ್ಟು, ಕಟ್ಟಿಗೆಯಷ್ಟು ಗಟ್ಟಿಯಾಗುವ ಹಾಗೆ ಒಣಗಿಸುತ್ತಾರೆ. ಅದನ್ನು ತೆಳ್ಳಗೆ ಹೆರೆದು ಬಿಸಿನೀರಲ್ಲಿ ಹಾಕಿ ಸೋಸಿದರೆ ದಾಶಿ ಅನ್ನುವ ಸಾರು. ಮೀನಿನ ತುಂಡು ಎಲ್ಲೂ ಕಾಣುವುದಿಲ್ಲ. ಹುದುಗಿಸಿದ ಸೋಯಾದ ಮಿಸೋ ಸೂಪ್‌ನಲ್ಲಿ ದಾಶಿ, ಬೇಯಿಸಿದ ಕುಂಬಳಕಾಯಿಯಲ್ಲಿ ದಾಶಿ, ಅದ್ದಿಕೊಳ್ಳುವ ರಸದಲ್ಲೂ ದಾಶಿ. ಕಣ್ಣಿಗೆ ಎಲ್ಲ ಸೊಪ್ಪು ತರಕಾರಿಯೇ. ಮೀನು ಹಾಕಿದ್ದೀರಾ ಅಂತ ಕೇಳಿದರೆ ಇಲ್ಲ ಅಂತಲೂ ಅನ್ನಬಹುದು, ಯಾಕಂದರೆ ಅವರ ಲೆಕ್ಕದಲ್ಲಿ ಸಾರು ಮೀನಲ್ಲ. ಚೀಟಿಯಲ್ಲಿ ಸಾರಿನ ಮಾತು ಪ್ರತ್ಯೇಕವಾಗಿ ಬರೆಸುವುದು ಇದಕ್ಕೇ.

ಹೋಟೆಲ್‌ಗೆ ವಾಪಸ್ ಬರುವ ದಾರಿಯಲ್ಲಿ ಕಾಕಿ ಸ್ವಲ್ಪ ಜಾಸ್ತಿಯೇ ಅಂದರಂತೆ. ಕಾಕಾ ಮಾತೇ ಆಡಲಿಲ್ಲ. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಹಾಸಿಗೆ ಮತ್ತು ಗೋಡೆ ನಡುವಿನ ಮೊಳದಗಲದ ಜಾಗದಲ್ಲಿ ಇಷ್ಟಲಿಂಗ ಪೂಜೆಗೆ ಕೂತರು. ರಾತ್ರಿ ಊಟ ಬೇಡ ಅಂದರು. "ಆವಾಗ ನಂಗ ಕೆಟ್ಟ ಅನಿಸ್ತು. ಅಷ್ಟು ಅನ್ನಬಾರ್ದಿತ್ತು" ಅಂತ ಕಾಕಿ ನನಗೆ ಹೇಳಿದರು. ಕಾಕಾಗೆ ಮಾತ್ರ ಇದನ್ನು ಇನ್ನೂ ಹೇಳಿದಂತಿಲ್ಲ.

ಪರ್ಸಲ್ಲೇ ಇದ್ದ ಚೀಟಿ ಯಾಕೆ ತೋರಿಸಲಿಲ್ಲ ಅಂತ ಕಾಕಾನನ್ನು ಕೇಳಿದೆ. ಅವರು ನೇರವಾಗಿಯೇ ಹೇಳಿದರು: "ಚೀಟಿ ಹಿಡದು ನಿಂದ್ರೂದಂದ್ರ ಭಿಕ್ಷಾ ಬೇಡಿದಂಗ ಅನಸ್ತಿತ್ತಪಾ."

ಇದರಲ್ಲಿ ಇಡೀ ಪ್ರಕರಣ ಇದೆ ಅಂತ ನನಗೆ ಅನಿಸುತ್ತದೆ. ಕಾಕಾ ನೌಕರಿ ಪೂರ್ತಿ ಕೂತದ್ದು ಟೇಬಲ್‌ನ ಆ ಕಡೆ. ಚೀಟಿ ಹಿಡಿದು ಬರುತ್ತಿದ್ದವರು ಬೇರೆಯವರು, ಓದಿ ಹೌದು ಅಥವಾ ಇಲ್ಲ ಅನ್ನುತ್ತಿದ್ದವರು ಇವರು. ಕಾಕಿ ಅಷ್ಟೂ ವರ್ಷ ಕಣ್ಣಿ ಮಾರ್ಕೆಟ್‌ನಲ್ಲಿ ಇದು ಇವತ್ತಿಂದಾ ನಿನ್ನೆದಾ, ಒಳಗೆ ಹುಳ ಇಲ್ಲ ತಾನೇ, ಒಂದು ಒಡೆದು ತೋರಿಸು ಅಂತ ಕೇಳಿಕೊಂಡೇ ಬಂದವರು. ಕೇಳುವುದರಲ್ಲಿ ಅವರಿಗೆ ನಾಚಿಕೆ ಅನ್ನುವುದೇ ಇಲ್ಲ. ಊರಲ್ಲಿ ಇದು ಅಡುಗೆಮನೆಗೆ ಸೇರಿದ ಸಣ್ಣ ಗುಣ, ಯಾರೂ ಗಮನಿಸುವುದಿಲ್ಲ. ಟೋಕಿಯೋದಲ್ಲಿ ಅಡುಗೆಮನೆ ರಸ್ತೆಗೆ ಬಂದಿತ್ತು. ಹಾಗಾಗಿ ರಸ್ತೆಯ ಯಜಮಾನಿಕೆಯೂ ಸದ್ದಿಲ್ಲದೆ ಕೈ ಬದಲಾಯಿಸಿತು.

ಕಾಕಿಯ ಅಕ್ಷರಾಭ್ಯಾಸ

ಮರುದಿನದಿಂದ ಚೀಟಿ ಕಾಕಿಯ ಕೈಯಲ್ಲಿ. ಜೊತೆಗೆ ಅವರೇ ಎರಡು ಅಕ್ಷರ ಕಲಿತರು. ಮಾಂಸದ ಅಕ್ಷರ: ಒಂದು ಚೌಕಟ್ಟು, ಅದರೊಳಗೆ ಒಬ್ಬರ ಮೇಲೊಬ್ಬರು ನಿಂತ ಇಬ್ಬರು ಮನುಷ್ಯರು. ಮೀನಿನ ಅಕ್ಷರ: ನಡುವೆ ನಾಲ್ಕು ಪಾಲು ಮಾಡಿದ ಹೊಲ, ಕೆಳಗೆ ಸಾಲಾಗಿ ನಾಲ್ಕು ಚುಕ್ಕೆ. ನನಗೆ ಹೀಗೇ ವರ್ಣಿಸಿದರು, ಪೇಪರ್ ಮೇಲೆ ಬರೆದೂ ತೋರಿಸಿದರು. ತಪ್ಪಿರಲಿಲ್ಲ.

ಆದರೆ ಇದು ಪೂರ್ತಿ ಸಾಲುವುದಿಲ್ಲ. ಬೊನಿಟೋ ಸಾರಿನ ಹೆಸರನ್ನು ಪೊಟ್ಟಣಗಳ ಮೇಲೆ ಎಷ್ಟೋ ಸಲ ಆ ಚಿತ್ರದಂಥ ಅಕ್ಷರದಲ್ಲಿ ಬರೆಯುವುದೇ ಇಲ್ಲ, ಕತ್ಸುವೋ ಅಂತ ಅವರ ಸರಳ ಲಿಪಿಯಲ್ಲಿ ಬರೆದಿರುತ್ತಾರೆ. ಅಲರ್ಜಿ ಪಟ್ಟಿ ನೋಡಿದರೂ ಪೂರ್ತಿ ಉತ್ತರ ಸಿಗುವುದಿಲ್ಲ. ಮೊಟ್ಟೆ, ಹಾಲು, ಗೋಧಿ, ಶೇಂಗಾ, ಸೀಗಡಿ, ಏಡಿ ಇಂಥವನ್ನು ಕಡ್ಡಾಯವಾಗಿ ತೋರಿಸಬೇಕು, ಬೊನಿಟೋ ಆ ಕಡ್ಡಾಯ ಪಟ್ಟಿಯಲ್ಲಿಲ್ಲ. ಹಾಗಾಗಿ ಎರಡನೇ ಹಂತ ಕಾಕಾನ ಮೊಬೈಲ್. ಕ್ಯಾಮೆರಾ ಹಿಡಿದರೆ ಅಕ್ಷರ ಇಂಗ್ಲಿಷ್‌ಗೆ ತಿರುಗುತ್ತದೆ. ಕಾಕಿ ಪೊಟ್ಟಣ ಹಿಡಿಯುವುದು, ಕಾಕಾ ಫೋನ್ ಹಿಡಿದು ಓದುವುದು. ಇಬ್ಬರೂ ಕೂಡಿ ಮಾಡಿದ ಮೊದಲ ಕೆಲಸ ಇದು.

ಚಿಕ್ಕ ಚಿಕ್ಕ ಕನ್ವೀನಿಯನ್ಸ್ ಅಂಗಡಿಗಳು ಅಲ್ಲಿ ಹೆಜ್ಜೆಗೊಂದು. ಅಲ್ಲಿ ಕಾಕಿಗೆ ದಕ್ಕಿದ್ದು ಒನಿಗಿರಿ, ಅಂದರೆ ಮುಕ್ಕೋನಾಕಾರದ ಅನ್ನದ ಮುದ್ದೆ. ಬರೀ ಉಪ್ಪಿನದು ಇರುತ್ತದೆ, ಉಪ್ಪಿನಲ್ಲಿ ಹಾಕಿದ ಉಮೆ ಅನ್ನುವ ಹುಳಿ ಹಣ್ಣು ಇಟ್ಟದ್ದೂ ಇರುತ್ತದೆ. ಉಮೆಯಲ್ಲೂ ಕೆಲವದರಲ್ಲಿ ಮೀನಿನ ರಸ ಸೇರಿಸುತ್ತಾರೆ, ನೋಡಿಯೇ ತೆಗೆದುಕೊಳ್ಳಬೇಕು. ಅದರ ಹೊದಿಕೆ ಬಿಚ್ಚುವುದೇ ಒಂದು ಕಲೆ. ಪ್ಲಾಸ್ಟಿಕ್ ಮೇಲೆ 1, 2, 3 ಅಂತ ಗುರುತು. ಒಂದನೆಯದನ್ನು ತುದಿಯಿಂದ ಕೆಳಗೆಳೆದರೆ ಹೊದಿಕೆ ಎರಡು ಭಾಗ. ಆಮೇಲೆ ಬಲಮೂಲೆ, ಎಡಮೂಲೆ ಹಿಡಿದು ಜಾರಿಸಬೇಕು. ಅನ್ನಕ್ಕೂ ಅದರ ಹೊರಗಿನ ಕಡಲಪಾಚಿಯ ಹಾಳೆಗೂ ನಡುವೆ ಇನ್ನೊಂದು ತೆಳು ಪ್ಲಾಸ್ಟಿಕ್ ಇರುತ್ತದೆ, ಹಾಳೆ ಮೆತ್ತಗಾಗದಿರಲಿ ಅಂತ. ಸರಿಯಾಗಿ ಎಳೆದರೆ ಅದು ಹೊರಬಂದು ಗರಿಗರಿ ಹಾಳೆ ಅನ್ನಕ್ಕೆ ಅಂಟುತ್ತದೆ. ಕಾಕಾ ಎಳೆದಾಗಲೆಲ್ಲ ಹಾಳೆ ಹರಿದು ಪ್ಲಾಸ್ಟಿಕ್ ಜೊತೆಗೇ ಹೋಗುತ್ತಿತ್ತು. ಮೂರನೇ ದಿನಕ್ಕೆ ತಮ್ಮದನ್ನೂ ಕಾಕಿಗೇ ಕೊಡಲು ಶುರು ಮಾಡಿದರು. ಅದರ ಜೊತೆ ಅಗಸಿ ಚಟ್ನಿ ಹಚ್ಚಿಕೊಂಡು ತಿಂದರಂತೆ. ಚೆನ್ನಾಗಿರುತ್ತದೆ, ನಾನೂ ಮನೆಯಲ್ಲಿ ಅನ್ನದ ಮುದ್ದೆಗೆ ಹಾಕಿ ನೋಡಿದೆ.

ಸೂಪರ್ ಮಾರ್ಕೆಟ್‌ಗಳಲ್ಲಿ ಸಂಜೆ ಹೊತ್ತು ಉಳಿದ ತಿನಿಸಿಗೆ ಅರ್ಧ ಬೆಲೆಯ ಸ್ಟಿಕರ್ ಅಂಟಿಸುತ್ತಾರೆ. ಇದು ಕಾಕಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಸ್ಟಿಕರ್ ಹಚ್ಚುವ ಹುಡುಗ ಬರುವ ತನಕ ಗೆಣಸಿನ ಹತ್ತಿರವೇ ಸುಳಿದಾಡಿದರು. ಸುಟ್ಟ ಗೆಣಸು, ಬಾಳೆಹಣ್ಣು, ಮೊಸರು, ತೋಫು. ಕಾಕಾ ಪ್ರತಿಯೊಂದನ್ನೂ ರೂಪಾಯಿಗೆ ತಿರುಗಿಸಿ ಹೇಳುತ್ತಿದ್ದರು. ಆಗ ನೂರು ಯೆನ್ ಅಂದರೆ ಐವತ್ತೈದು, ಅರವತ್ತು ರೂಪಾಯಿ. "ಉಣ್ಣೂ ಮುಂದ ಲೆಕ್ಕಾ ಹೇಳಬ್ಯಾಡ್ರಿ" ಅಂತ ಕಾಕಿ ಕೊನೆಗೆ ಕಟ್ಟಪ್ಪಣೆ ಮಾಡಿದರು.

ಬಿಸಿ ಊಟ ಸಿಕ್ಕಿದ್ದು ಒಂದು ಇಂಡಿಯನ್ ಹೋಟೆಲ್‌ನಲ್ಲಿ. ಬೋರ್ಡ್ ಇಂಡಿಯನ್ ಅಂತ, ನಡೆಸುವವರು ನೇಪಾಳಿಗಳು. ಜಪಾನ್‌ನ ಇಂಥ ಹೋಟೆಲ್‌ಗಳಲ್ಲಿ ಬಹಳಷ್ಟು ನೇಪಾಳಿಗಳವೇ. ಕಲಬುರಗಿಯವರಿಗೆ ಇಲ್ಲಿ ಒಂದು ಅನುಕೂಲ ಇದೆ. ಬೆಂಗಳೂರು, ಮೈಸೂರಿನವರು ಹಿಂದಿಗೆ ತಡವರಿಸುವ ಕಡೆ ನಮ್ಮವರ ದಖನಿ, ಅಂದರೆ ಈ ಕಡೆಯ ಉರ್ದು, ಸಲೀಸಾಗಿ ಓಡುತ್ತದೆ. ಕಾಕಿ ದಖನಿಯಲ್ಲಿ ಶುರು ಮಾಡಿದರು, ಅವನು ದೀದಿ ಅಂದ, ಮೆನುವಿನಲ್ಲಿ ಇಲ್ಲದ ದಾಲ್ ಚಾವಲ್ ಮಾಡಿ ತಂದ. ನಾನ್ ಅಲ್ಲಿ ತಟ್ಟೆ ದಾಟಿ ಆಚೆ ಚಾಚಿಕೊಂಡಿರುತ್ತದೆ, ಸ್ವಲ್ಪ ಸಿಹಿ. ಕಾಕಾಗೆ ಇಷ್ಟವಾಯಿತು. ಎಡೊಗಾವಾ ವಾರ್ಡಿನ ನಿಶಿ ಕಸಾಯಿಗೂ ಒಂದು ದಿನ ಹೋದರು. ಐಟಿ ನೌಕರಿಗೆ ಹೋದ ಭಾರತೀಯ ಕುಟುಂಬಗಳು ಅಲ್ಲಿ ಜಾಸ್ತಿ. ದೋಸೆ ತಿಂದು ಹೊರಬರುವಾಗ ಕಾಕಿ, "ಇದಕ್ಕ ಇಷ್ಟು ದೂರ ಬರಬೇಕಿತ್ತೇನ್ರಿ?" ಅಂದರಂತೆ.

ಹಸಿರು ರೈಲು, ನೀಲಿ ರೈಲು

ಕಾಕಾನ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ದಾರಿ ಓದುವುದರಲ್ಲಿ ಅವರು ಗಟ್ಟಿ. ಟೋಕಿಯೋದ ಬಹುತೇಕ ಸ್ಟೇಷನ್‌ಗಳಿಗೆ ಒಂದೊಂದು ನಂಬರ್ ಇರುತ್ತದೆ. ಯಾಮಾನೋತೆ ಅನ್ನುವ ಸುತ್ತು ಲೈನಿನಲ್ಲಿ 30 ಸ್ಟೇಷನ್. ಟೋಕಿಯೋ ಸ್ಟೇಷನ್ ಜೆವೈ 01 (ಜೆವೈ ಆ ಲೈನಿನ ಗುರುತು), ಅಕಿಹಬಾರಾ 03, ಒಕಾಚಿಮಾಚಿ 04, ಉಯೆನೋ 05. ಫೈಲ್ ನಂಬರ್‌ಗಳಲ್ಲಿ ಬದುಕು ಕಳೆದ ಮನುಷ್ಯನಿಗೆ ಇದು ಹಬ್ಬ. ಡೈರಿಯಲ್ಲಿ ನಂಬರ್ ಬರೆದುಕೊಂಡು, ಯಾವ ಎಕ್ಸಿಟ್ ಅಂತಲೂ ಗುರುತು ಹಾಕಿಕೊಂಡು, ಒಂದು ಸಲವೂ ತಪ್ಪು ಬಾಗಿಲಲ್ಲಿ ಹೊರಬರಲಿಲ್ಲ. ರೈಲಿನ ಚಾರ್ಜು ಕಟ್ಟುವ ವೆಲ್‌ಕಮ್ ಸುಯಿಕಾ ಕಾರ್ಡ್‌ನಲ್ಲಿ ಎಷ್ಟು ದುಡ್ಡು ಉಳಿದಿದೆ ಅನ್ನುವುದೂ ಅವರ ನಾಲಿಗೆ ತುದಿಯಲ್ಲಿರುತ್ತಿತ್ತು.

ತೊಂದರೆ ಆದದ್ದೂ ಅಲ್ಲೇ. ಶನಿವಾರ, ಭಾನುವಾರ ಅಲ್ಲದ ಒಂದು ದಿನ, ಮಧ್ಯಾಹ್ನ, ಉಯೆನೋ ಪ್ಲಾಟ್‌ಫಾರಂ. ಹಸಿರು ಪಟ್ಟೆಯ ಯಾಮಾನೋತೆ ರೈಲು ಬಂತು. ಕಾಕಿ ಹತ್ತಿದರು. ಕಾಕಾ ಬೋರ್ಡ್ ನೋಡಿ ಇನ್ನೊಮ್ಮೆ ಖಚಿತ ಮಾಡಿಕೊಳ್ಳುತ್ತಿದ್ದರು. ಟ್ಯೂನ್ ಕೇಳಿಸಿತು, ಬಾಗಿಲು ಮುಚ್ಚಿತು. ಕಾಕಿ ಒಳಗೆ, ಕಾಕಾ ಹೊರಗೆ. ಫೋನಿನ ಡೇಟಾ ಕಾಕಾನ ಹತ್ತಿರ, ಪಾಸ್‌ಪೋರ್ಟ್ ಎರಡೂ ಕಾಕಾನ ಹತ್ತಿರ, ಬಿಪಿ ಗುಳಿಗೆ ಕಾಕಿಯ ಹತ್ತಿರ.

ಹೀಗಾದರೆ ಏನು ಮಾಡಬೇಕು ಅಂತ ಇಬ್ಬರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಕಾಕಿ ಮುಂದಿನ ಸ್ಟೇಷನ್ ಒಕಾಚಿಮಾಚಿಯಲ್ಲಿ ಇಳಿದು, ಇಳಿದ ಬಾಗಿಲಿನ ಎದುರೇ ನಿಂತರು. ಶರಣಬಸವೇಶ್ವರ ಜಾತ್ರೆಯಲ್ಲಿ ತೇರಿನ ದಿನ ಮಕ್ಕಳಿಗೆ ಹೇಳುವುದೇ ಅದು: ತಪ್ಪಿಸಿಕೊಂಡರೆ ತಿರುಗಾಡಬೇಡ, ನಿಂತಲ್ಲೇ ನಿಲ್ಲು. ಎರಡು ನಿಮಿಷದ ದಾರಿ, ಕಾಕಾ ಹಿಂದೆ ಬರುವ ರೈಲಿಗೆ ಬಂದರೆ ಮುಗಿಯಿತು.

ಕಾಕಾ ಹಾಗೇ ಯೋಚಿಸಿದರು, ಆದರೆ ಹತ್ತಿದ ರೈಲು ಬೇರೆ. ಉಯೆನೋದಲ್ಲಿ ಅದೇ ಪ್ಲಾಟ್‌ಫಾರಂನ ಇನ್ನೊಂದು ಬದಿಗೆ ಕೇಹಿನ್ ತೋಹೋಕು ಅನ್ನುವ ನೀಲಿ ಪಟ್ಟೆಯ ರೈಲು ಬರುತ್ತದೆ. ಅದೂ ಅದೇ ದಿಕ್ಕಿಗೆ, ಪಕ್ಕದ ಹಳಿಯಲ್ಲೇ ಹೋಗುತ್ತದೆ. ಗಾಬರಿಯಲ್ಲಿ ಮೊದಲು ಬಂದದ್ದನ್ನು ಹತ್ತಿಬಿಟ್ಟರು. ಶನಿವಾರ, ಭಾನುವಾರ ಬಿಟ್ಟು ಉಳಿದ ದಿನ ಹಗಲು ಹೊತ್ತು ಈ ನೀಲಿ ರೈಲು ರ‍್ಯಾಪಿಡ್ ಆಗಿ ಓಡುತ್ತದೆ, ಒಕಾಚಿಮಾಚಿಯಲ್ಲಿ ನಿಲ್ಲುವುದಿಲ್ಲ. ಕಿಟಕಿಯಿಂದ ಕಾಕಾಗೆ ಇಳಕಲ್ ಸೀರೆ, ಮೇಲೆ ಕಂದು ಸ್ವೆಟರ್, ಎರಡೂ ಕೈಯಲ್ಲಿ ಹಿಡಿದ ಚೀಲ, ಎಲ್ಲ ಕಂಡಿತು. ರೈಲು ಹಾಗೇ ಮುಂದೆ ಹೋಯಿತು.

"ಆವಾಗ ಮಾತ್ರ ನಾಚಿಕಿ ಗೀಚಿಕಿ ಏನೂ ಉಳೀಲಿಲ್ಲ ನೋಡು" ಅಂದರು ಕಾಕಾ. ಅಕಿಹಬಾರಾದಲ್ಲಿ ಇಳಿದು ಸ್ಟೇಷನ್ ಸಿಬ್ಬಂದಿಯ ಹತ್ತಿರ ಓಡಿದರು. ಮೊಬೈಲ್‌ನಲ್ಲಿ ಕಾಕಿಯ ಫೋಟೋ ತೋರಿಸಿದರು, ಗೋಡೆಯ ನಕ್ಷೆಯಲ್ಲಿ 04ರ ಮೇಲೆ ಬೆರಳಿಟ್ಟರು. ಆ ಮನುಷ್ಯ ಒಕಾಚಿಮಾಚಿಗೆ ಫೋನ್ ಮಾಡಿದ, ಕಾಕಾನನ್ನು ಹಸಿರು ರೈಲಿನ ತನಕ ಬಂದು ಹತ್ತಿಸಿದ. ಅಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ಕಾಕಿಯ ಹತ್ತಿರ ಬಂದು "ಪ್ಲೀಸ್ ವೇಟ್, ಹಸ್ಬೆಂಡ್" ಅಂದಳು, ಜೊತೆಗೇ ನಿಂತಳು.

ಕಾಕಿಗೆ ಹೆದರಿಕೆ ಆಗಲಿಲ್ಲವಾ? ಆಯಿತಂತೆ, ತಮ್ಮ ಬಗ್ಗೆ ಅಲ್ಲ. ಮಧ್ಯಾಹ್ನದ ಬಿಪಿ ಗುಳಿಗೆ ಇನ್ನೂ ಚೀಲದಲ್ಲೇ ಇತ್ತು, ಕಾಕಾ ಗಾಬರಿಯಾದರೆ ಬೆವರುತ್ತಾರೆ. ವಾಪಸ್ ಬರುವ ರೈಲು ಆ ಕಡೆಯ ಪ್ಲಾಟ್‌ಫಾರಂಗೆ ಬರುತ್ತದೆ. ಕಾಕಾ ಮಂಡಿನೋವಿನಲ್ಲೇ ಮೆಟ್ಟಿಲು ಇಳಿದು, ಮತ್ತೆ ಹತ್ತಿ ಬಂದರು.

ಬಂದವರೇ ಅಂದದ್ದು, "ಒಬ್ಬಾಕೀನೇ ಯಾಕ ಹತ್ತಿದಿ?"

"ಬಾಗಲಾ ತೆರದಿತ್ತಲ್ರಿ, ಅದಕ್ಕ."

ಆ ಹುಡುಗಿ ಇಬ್ಬರಿಗೂ ತಲೆ ಬಗ್ಗಿಸಿ ಹೊರಟುಹೋದಳು. ಅಂದೇ ಸಂಜೆ ಕಾಕಿಯ ಫೋನಿಗೂ ಇಸಿಮ್ ಹಾಕಿಸಿದರು, ಪಾಸ್‌ಪೋರ್ಟ್ ಅವರವರದು ಅವರವರ ಹತ್ತಿರ ಹೋಯಿತು. ವಿದೇಶಿಯರು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಂಡು ತಿರುಗಬೇಕು ಅನ್ನುವುದು ಜಪಾನ್‌ನಲ್ಲಿ ಕಾನೂನು. ಎರಡೂ ಗಂಡನ ಚೀಲದಲ್ಲಿದ್ದರೆ ಹೆಂಡತಿ ಕಾನೂನು ಮುರಿದಂತೆಯೇ. ಗುಳಿಗೆಯನ್ನೂ ಎರಡು ಪಾಲು ಮಾಡಿದರು.

ಉಳಿದ ದಿನಗಳು

ಉಳಿದದ್ದನ್ನು ಬೇಗ ಹೇಳುತ್ತೇನೆ. ರೈಲಿನಲ್ಲಿ ಕಾಕಾ ಮಗಳಿಗೆ ವಿಡಿಯೋ ಕಾಲ್ ಮಾಡಿದರು, ಇಡೀ ಡಬ್ಬಿ ತಿರುಗಿ ನೋಡಿತು. ಅಲ್ಲಿ ರೈಲಿನೊಳಗೆ ಫೋನಲ್ಲಿ ಮಾತಾಡುವುದು ಅಸಭ್ಯ. ಕಸದ ಡಬ್ಬಿ ರಸ್ತೆಯಲ್ಲಿ ಸಿಗುವುದೇ ಅಪರೂಪ. 1995ರ ಮಾರ್ಚ್‌ನಲ್ಲಿ ಮೆಟ್ರೋದಲ್ಲಿ ಸರಿನ್ ವಿಷಾನಿಲದ ದಾಳಿ ನಡೆದ ಮೇಲೆ ಎಷ್ಟೋ ಕಡೆ ತೆಗೆದುಹಾಕಿದರು. ಬಾಳೆಹಣ್ಣಿನ ಸಿಪ್ಪೆ ದಿನವಿಡೀ ಕಾಕಿಯ ಚೀಲದಲ್ಲಿ ಪ್ರವಾಸ ಮಾಡುತ್ತಿತ್ತು. ನೀರು ಚಿಮ್ಮುವ ಟಾಯ್ಲೆಟ್ ಬಗ್ಗೆ ಕಾಕಾ ಈಗಲೂ ಯಾರು ಸಿಕ್ಕರೂ ಹೇಳುತ್ತಾರೆ. ಸೀಟು ಬಿಸಿ ಇರುತ್ತದೆ ಅನ್ನುವಾಗ ದನಿ ತಗ್ಗಿಸುತ್ತಾರೆ.

ಕಾಲು ಸೋತದ್ದು ಇಬ್ಬರಿಗೂ. ಐದನೇ ದಿನ ಕಾಕಾನ ಪಟ್ಟಿಯಲ್ಲಿ ನಾಲ್ಕು ಜಾಗ ಇದ್ದವು. ಕಾಕಿ ಒಂದಕ್ಕೇ ಒಪ್ಪಿದರು: ಉಯೆನೋ ಪಾರ್ಕಿನ ಶಿನೋಬಾಝು ಕೆರೆಯ ನಡುವಿನ ಬೆಂತೆನ್ ಗುಡಿ. ಅಲ್ಲಿ ಇರುವ ದೇವತೆ ಬೆಂಜೈತೆನ್, ಅಂದರೆ ಬೌದ್ಧ ಧರ್ಮದ ಜೊತೆ ಅಲ್ಲಿಗೆ ಹೋದ ನಮ್ಮ ಸರಸ್ವತಿ. ಜಪಾನ್‌ನಲ್ಲಿ ಸಾಮಾನ್ಯವಾಗಿ ಈಕೆಯ ಕೈಯಲ್ಲಿ ವೀಣೆಯ ಬದಲು ಬಿವಾ ಅನ್ನುವ ತಂತಿವಾದ್ಯ ಇರುತ್ತದೆ. ನಮ್ಮ ಚಿತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ, ಪಕ್ಕದ ಕನಗನಹಳ್ಳಿಯಲ್ಲಿ ಸ್ತೂಪ ಇದೆ. ಕಾಕಾ ಇದನ್ನೆಲ್ಲ ಅಲ್ಲಿ ಕೂತು ಹೇಳುತ್ತಾ ಹೋದರು. ಕಾಕಿ ಚಪ್ಪಲಿ ಬಿಟ್ಟು ಕಾಲು ಒತ್ತಿಕೊಳ್ಳುತ್ತಾ ಕೇಳಿದರು. ಬೇರೆ ಮೂರು ಜಾಗ ಹೋದವು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಕೊನೆಯ ದಿನ ಕಪ್ಪಾಬಾಶಿ ಅನ್ನುವ ಪಾತ್ರೆ ಅಂಗಡಿಗಳ ಬೀದಿಯಲ್ಲಿ ಕಾಕಿ ಒಂದು ಚಾಕು ಕೊಂಡರು. ಬೆಲೆ ಕೇಳಿ ಕಾಕಾ ರೂಪಾಯಿ ಲೆಕ್ಕ ಶುರು ಮಾಡಿ, ಅರ್ಧಕ್ಕೇ ನಿಲ್ಲಿಸಿದರು.

ಇದರಿಂದ ನಾನು ತೆಗೆದುಕೊಂಡದ್ದು

ಎಲ್ಲ ಜೋಡಿಗೂ ಹೀಗೇ ಆಗುತ್ತದೆ ಅಂತಲ್ಲ. ಇವರಿಗೆ ದಖನಿ ಇತ್ತು, ನಡೆಯುವ ಶಕ್ತಿ ಇತ್ತು, ರೊಟ್ಟಿ ಗಂಟು ಇತ್ತು. ಹೆಂಗಸರು ಕೇಳುವುದರಲ್ಲಿ ಮುಂದು, ಗಂಡಸರು ನಕ್ಷೆಯಲ್ಲಿ ಮುಂದು ಅನ್ನುವ ಸೂತ್ರವನ್ನೂ ನಾನು ಕಟ್ಟುವುದಿಲ್ಲ. ಆಸೆ ಪಟ್ಟು ನಕ್ಷೆ ಓದುವ ಹೆಂಗಸರು ನನ್ನ ಗಿರಾಕಿಗಳಲ್ಲೇ ಇದ್ದಾರೆ. ಆದರೆ ಪ್ರವಾಸಕ್ಕೆ ಮುಂಚೆ ಈಗ ನಾನು ಒಂದು ಪ್ರಶ್ನೆ ಕೇಳುತ್ತೇನೆ: ನಿಮ್ಮಿಬ್ಬರಲ್ಲಿ ಅಪರಿಚಿತರ ಹತ್ತಿರ ಹೋಗಿ ಕೇಳಲು ಸಂಕೋಚ ಇಲ್ಲದವರು ಯಾರು? ಊಟದ ಚೀಟಿ ಅವರ ಕೈಗೇ ಕೊಡುತ್ತೇನೆ. ಎರಡು ಸಿಮ್ ಇಲ್ಲದೆ ಬುಕಿಂಗ್ ಮುಗಿಸುವುದಿಲ್ಲ. ರೈಲಿನ ಕರಾರು ಒಂದನ್ನು ಬರೆದೇ ಕೊಡುತ್ತೇನೆ. ಹತ್ತಿದವರು ಮುಂದಿನ ಸ್ಟೇಷನ್‌ನಲ್ಲಿ ಇಳಿದು ಅಲ್ಲೇ ನಿಲ್ಲಬೇಕು, ಉಳಿದವರು ಅದೇ ಬಣ್ಣದ ರೈಲನ್ನೇ ಹತ್ತಬೇಕು. ಕುಕ್ಕರ್ ಒಯ್ಯುವವರಿಗೆ ತಳದಲ್ಲಿ ಬರೆದ ವೋಲ್ಟೇಜ್ ಓದಿಸುತ್ತೇನೆ. 100ರಿಂದ 240 ಅಂತ ಇದ್ದರೆ ಮಾತ್ರ ಸರಿ.

ಊರಿಗೆ ಬಂದ ಮೇಲೆ ಕಾಕಿಯೇ ಬ್ಯಾಂಕಿಗೆ ಹೋಗುತ್ತಾರೆ, ಕಾಕಾ ತರಕಾರಿ ತರುತ್ತಾರೆ ಅಂತ ಬರೆದರೆ ಓದಲು ಚಂದ ಇರುತ್ತಿತ್ತು. ಹಾಗೇನೂ ಆಗಿಲ್ಲ. ಬ್ಯಾಂಕು ಕಾಕಾನದೇ, ಮಾರ್ಕೆಟ್ ಕಾಕಿಯದೇ. ಈಗ ನಡೆಯುತ್ತಿರುವ ಜಗಳ ಮುಂದಿನ ವರ್ಷದ್ದು. ಕಾಕಾಗೆ ಸಿಂಗಪುರ ಬೇಕು. ಲಿಟಲ್ ಇಂಡಿಯಾದಲ್ಲಿ ಬಾಳೆಲೆ ಊಟ ಸಿಗುತ್ತದೆ, ಯಾರನ್ನೂ ಏನೂ ಕೇಳುವಂತಿಲ್ಲ. ಕಾಕಿಗೆ ಕ್ಯೋಟೋ ಬೇಕು. ಅಲ್ಲಿಯ ಗುಡಿಗಳಲ್ಲಿ ಬೌದ್ಧ ಸನ್ಯಾಸಿಗಳ ಶೋಜಿನ್ ಊಟ ಸಿಗುತ್ತದೆ. ಅದಕ್ಕೆ ಮೀನಿನ ಸಾರು ಹಾಕುವುದಿಲ್ಲ, ಕಡಲಪಾಚಿ ಮತ್ತು ಒಣ ಅಣಬೆಯ ಸಾರು. ಉಳ್ಳಾಗಡ್ಡಿ, ಬಳ್ಳೊಳ್ಳಿಯೂ ಇರುವುದಿಲ್ಲ ಅಂತ ನಾನು ಹೇಳಿದಾಗ ಕಾಕಾ ಮುಖ ಸಣ್ಣ ಮಾಡಿದರು. ಎರಡು ಊರಿಗೂ ಖರ್ಚಿನ ಪಟ್ಟಿ ಮಾಡಿಕೊಟ್ಟಿದ್ದೇನೆ. ಮುಂಗಡ ಇನ್ನೂ ಬಂದಿಲ್ಲ.